ಬಾಯಿಪಾಠದ ಚರಿತ್ರೆ: ಬಳ್ಳಾರಿ ಸೀಮೆಯ ಹಳೆಯ ಶಾಲೆಗಳಿಂದ ಇಂದಿನ ಪರೀಕ್ಷೆಯವರೆಗೆ

ಶತಮಾನೋತ್ಸವದ ಸಿದ್ಧತೆಗಾಗಿ ನಾವು ಹಳೆಯ ವಿದ್ಯಾರ್ಥಿಗಳ ಮನೆಗಳಿಗೆ ಹೋದಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಓದಿದ ಪುಸ್ತಕಗಳ ಹೆಸರು ಮರೆತಿದ್ದ ಹಿರಿಯರಿಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಮರೆತಿರಲಿಲ್ಲ. ಒಬ್ಬರಂತೂ ಕಟ್ಟೆಯ ಮೇಲೆ ಕುಳಿತಲ್ಲಿಯೇ ಮುಕ್ಕಾಲಿನ ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸಿದರು. ಇತ್ತ ನಮ್ಮ ಹತ್ತನೆಯ ತರಗತಿಯ ಮಕ್ಕಳು ರಾತ್ರಿಯೆಲ್ಲ ಓದಿದ್ದನ್ನು ಬೆಳಗಾಗುವಷ್ಟರಲ್ಲಿ ಮರೆತು ಕಣ್ಣೀರಿಡುತ್ತಾರೆ. ಈ ಅಂತರದ ಕಾರಣವನ್ನು ಅರಸುತ್ತ ನಾವು ನಮ್ಮ ಸೀಮೆಗೇ ಸೇರಿದ ಒಂದು ಹಳೆಯ ದಾಖಲೆಯ ಬಳಿಗೆ ಬಂದೆವು.

ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ಜಿಲ್ಲೆಗಳಿಂದ ಶಾಲೆಗಳ ಲೆಕ್ಕವನ್ನು ತರಿಸಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ತಮ್ಮ ವರದಿಯನ್ನು ಕಳುಹಿಸಿದರು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಆದೋನಿ, ರಾಯದುರ್ಗ, ಮಡಕಶಿರಾಗಳೂ ಸೇರಿದ್ದವು; 1953ರ ಅಕ್ಟೋಬರಿನಲ್ಲಿ ಬಿದ್ದ ಗೆರೆ ಆಗ ಯಾರ ಕನಸಿನಲ್ಲಿಯೂ ಇರಲಿಲ್ಲ. ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು. ಹುಡುಗಿಯರು ಕೇವಲ 60. ಈ ಕೊನೆಯ ಅಂಕಿಯ ಮುಂದೆ ನಾವು ಬಹಳ ಹೊತ್ತು ನಿಂತೆವು.

ಅಂಕಿಗಳಿಗಿಂತ ಬೆಲೆಯುಳ್ಳದ್ದು ಆ ವರದಿಯಲ್ಲಿರುವ ಪಾಠಕ್ರಮದ ವರ್ಣನೆ. ಮಗು ಮೊದಲು ಬೆರಳಿನಿಂದ ಮರಳಿನ ಮೇಲೆ ಅಕ್ಷರ ತಿದ್ದುತ್ತಿತ್ತು. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಅಕ್ಕಿಗಂಜಿಯಲ್ಲಿ ಗಟ್ಟಿಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಬಳಿದ ಬಟ್ಟೆಯೇ ಕಡತ. ಅದರ ಮೇಲೆ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಬರೆಯಬಹುದಿತ್ತು. ಲೆಕ್ಕದಲ್ಲಿ ಭಿನ್ನರಾಶಿಗಳಿಗೆ ವಿಶೇಷ ಒತ್ತು. ಅವು ಹತ್ತರ ಪ್ರಕಾರ ಅಲ್ಲ, ನಾಲ್ಕರ ಪ್ರಕಾರ ಇಳಿಯುತ್ತಿದ್ದವು: ಕಾಲು, ಕಾಲಿನ ಕಾಲು ವೀಸ, ಹೀಗೆ ಕೆಳಗೆ ಕೆಳಗೆ. ಮಗ್ಗಿ, ಅಳತೆ, ತೂಕಗಳೆಲ್ಲ ಮನಸ್ಸಿನಲ್ಲಿ ನೆಲೆಗೊಳ್ಳಲೆಂದು ಮಕ್ಕಳು ದಿನಕ್ಕೆ ಎರಡು ಸಲ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಹೇಳಬೇಕಿತ್ತು. ಮುಂದುವರಿದವರು ಹಿಂದಿನವರಿಗೆ ಕಲಿಸುತ್ತಿದ್ದರು; ಹಾಗೆ ಕಲಿಸುವುದರಿಂದ ಕಲಿಸುವವನ ತಿಳಿವೂ ಗಟ್ಟಿಯಾಗುತ್ತದೆಂದು ಕ್ಯಾಂಪ್‌ಬೆಲ್ ಮೆಚ್ಚಿ ಬರೆದಿದ್ದಾರೆ. ಈ ಪದ್ಧತಿಯನ್ನು ಇಂಗ್ಲೆಂಡೂ ಅನುಕರಿಸಿತ್ತು. ಮದರಾಸಿನ ಅನಾಥ ಬಾಲಕರ ಶಾಲೆಯಲ್ಲಿದ್ದ ಆಂಡ್ರೂ ಬೆಲ್, ಇಲ್ಲಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತಮ್ಮ ಶಾಲೆಯಲ್ಲಿ ಪ್ರಯೋಗ ನಡೆಸಿ, 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಕುರಿತ ಪುಸ್ತಕವನ್ನೇ ಪ್ರಕಟಿಸಿದ್ದರು.

ಆದರೆ ಕಲೆಕ್ಟರರು ಹೊಗಳಿ ಸುಮ್ಮನಾಗಲಿಲ್ಲ. ಮಕ್ಕಳು ಹಳೆಯ ಕಾವ್ಯಭಾಷೆಯ ಪದ್ಯಗಳನ್ನು ರಾಶಿ ರಾಶಿಯಾಗಿ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ಎಂಬುದು ಅವರ ಆಕ್ಷೇಪ. ಅಧಿಕಾರಿ ಪರದೇಶಿಯಾದರೂ ಮಾತು ಸುಳ್ಳಲ್ಲ.

ಕಂಠಪಾಠ ಕೆಲವು ಕಡೆ ಏಕೆ ಫಲಿಸುತ್ತದೆ ಎಂಬುದು ಪ್ರಯೋಗದಿಂದ ತಿಳಿದದ್ದು ಬಹಳ ತಡವಾಗಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಗಂಟೆಯೊಳಗೇ ಜಾರಿಹೋಗುತ್ತಿತ್ತು. ಒಂದೇ ದಿನ 68 ಸಲ ಹೇಳಿದ್ದರ ಫಲ, ಮೂರು ದಿನಗಳಿಗೆ ಹಂಚಿ 38 ಸಲ ಹೇಳಿದರೆ ದೊರೆಯುತ್ತಿತ್ತು. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಮತ್ತೊಂದು: ಪಾಠವನ್ನು ಪುನಃ ಪುನಃ ಓದಿದವರು ಐದು ನಿಮಿಷದ ಬಳಿಕ ಮುಂದಿದ್ದರು, ವಾರ ಕಳೆದ ಮೇಲೆ ಮುಂದಿದ್ದವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು. ದಿನಕ್ಕೆರಡು ಸಲದ ಆ ಸಾಲು, ಒರೆಸಿ ಬರೆಯುವ ಆ ಕಡತ ನಮಗೆ ಆಗ ನೆನಪಾದವು.

ನಮ್ಮ ತಪ್ಪನ್ನೂ ಇಲ್ಲಿ ಹೇಳಬೇಕು. ಗಡಿಯ ಈಚೆ ಕನ್ನಡದಲ್ಲಿ ಪರೀಕ್ಷೆ ಬರೆಯುವ ಮಕ್ಕಳಿಗೆ ಅಂಗಡಿಯಲ್ಲಿ ಗೈಡುಗಳು ಸಿಗುವುದು ಅಪರೂಪ. ಆ ಕೊರತೆಯನ್ನು ನೀಗಿಸಲೆಂದು ನಾವೇ ಒಂದು ವರ್ಷ ತೆಲುಗಿನ ಮಾದರಿ ಉತ್ತರಗಳನ್ನು ಅನುವಾದಿಸಿ, ಟೈಪು ಮಾಡಿಸಿ, ಮಕ್ಕಳಿಂದ ಅಕ್ಷರ ತಪ್ಪದಂತೆ ಉರು ಹೊಡೆಸಿದೆವು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ್ದೇ ತಡ, ಜಾಣ ಹುಡುಗಿಯರೂ ಹಾಳೆಯನ್ನು ಖಾಲಿ ಬಿಟ್ಟು ಬಂದರು. 1823ರ ಗಿಳಿಯನ್ನು ನಾವು ಉಳಿಸಿಕೊಂಡಿದ್ದೆವು. ಸಾಲನ್ನೂ ಕಡತವನ್ನೂ ಕಳೆದುಕೊಂಡಿದ್ದೆವು.

ಈಗ ನಮ್ಮಲ್ಲಿ ಸಂಜೆಯ ಕೊನೆಯ ಅವಧಿಗೆ ಪುಸ್ತಕವಿಲ್ಲ. ಆ ದಿನದ ಪಾಠವನ್ನೂ ಕಳೆದ ವಾರದ ಒಂದು ಪಾಠವನ್ನೂ ಮಕ್ಕಳು ಸ್ಲೇಟಿನ ಮೇಲೆ ನೆನಪಿನಿಂದ ಬರೆದು, ಪುಸ್ತಕದೊಡನೆ ಹೋಲಿಸಿ, ತಪ್ಪಿದ್ದನ್ನು ಒರೆಸಿ ಮತ್ತೆ ಬರೆಯುತ್ತಾರೆ. ಶನಿವಾರ ಹತ್ತನೆಯವರು ಎಂಟನೆಯವರಿಗೆ ತಮ್ಮ ಮಾತಿನಲ್ಲಿ ಪಾಠ ಹೇಳುತ್ತಾರೆ, ಕೇಳುವವರು “ಏಕೆ ಅಕ್ಕಾ?” ಎನ್ನಲೇಬೇಕೆಂಬುದು ಅಲ್ಲಿನ ನಿಯಮ. ಹತ್ತನೆಯವರಿಗೆ ಸ್ಲೇಟೇ ಎಂದು ಕೆಲವು ಪೋಷಕರು ಮೊದಮೊದಲು ನಕ್ಕರು. ಕಟ್ಟೆಯ ಮೇಲೆ ಮಗ್ಗಿ ಒಪ್ಪಿಸಿದ ಆ ಹಿರಿಯರು ಮಾತ್ರ ನಗಲಿಲ್ಲ. ಮರುವಾರವೇ ಮೊಮ್ಮಗಳ ಕೈಯಲ್ಲಿ ಎರಡು ಡಜನ್ ಬಳಪದ ಪೆಟ್ಟಿಗೆ ಕಳುಹಿಸಿದರು.