ಅನ್ನದ ಅಳತೆ: ಕ್ಷಾಮದ ಕೂಲಿಯಿಂದ ಅಕ್ಷರ ದಾಸೋಹದವರೆಗೆ



ದಾನದಲ್ಲಿ ಪಡೆಯುವವನು ಬಾಗುತ್ತಾನೆ. ದಾಸೋಹದಲ್ಲಿ ನೀಡುವವನೇ ಬಾಗುತ್ತಾನೆ. ಶಾಲೆಯ ಮಧ್ಯಾಹ್ನದ ಊಟಕ್ಕೆ ನಮ್ಮ ರಾಜ್ಯವು ‘ಅಕ್ಷರ ದಾಸೋಹ’ವೆಂಬ ಹೆಸರನ್ನಿಟ್ಟಾಗ ಈ ಹೊಣೆಯನ್ನೂ ಹೊತ್ತುಕೊಂಡಿತು. ಆ ಹೊಣೆಯ ಮಹತ್ವವನ್ನು ಅರಿಯಲು ಹಿಂದಿನ ಕಾಲವನ್ನೊಮ್ಮೆ ನೆನೆಯಬೇಕು.

1876ರಲ್ಲಿ ಮಳೆ ಹೋಗಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡ ಜಿಲ್ಲೆಯೂ ಘೋರ ಕ್ಷಾಮಕ್ಕೆ ತುತ್ತಾಯಿತು. ಸರಕಾರವು ಪರಿಹಾರದ ಕೆಲಸಗಳನ್ನು ತೆರೆಯಿತು. ಆದರೆ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ಲರ ಸಲಹೆಯಂತೆ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ, ಧಾನ್ಯದ ಬೆಲೆ ಹಾಗೂ ಅದರ ಮೇಲೊಂದಿಷ್ಟು ಕಾಸಿಗೆ ಇಳಿಸಲಾಯಿತು. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದರಿಂದ ದುಡಿಯುವ ದೇಹ ಉಳಿಯದೆಂದು ಪ್ರತಿಭಟಿಸಿದರು. ಸರಕಾರವು ಅನ್ನವನ್ನು ಅಳೆದದ್ದು ಹಸಿವನ್ನು ನೋಡಿ ಅಲ್ಲ, ಬೊಕ್ಕಸವನ್ನು ನೋಡಿ.

ಮುಂದೆ ಇದೇ ನೆಲದಲ್ಲಿ ಮಠಗಳು ಪ್ರಸಾದ ನಿಲಯಗಳನ್ನು ಕಟ್ಟಿದವು. ಧಾರವಾಡದ ಮುರುಘಾಮಠದಲ್ಲಿ ಲಿಂಗೈಕ್ಯ ಮೃತ್ಯುಂಜಯ ಅಪ್ಪಗಳು ಹಳ್ಳಿಯ ಬಡ ಮಕ್ಕಳಿಗೆ ಅನ್ನವನ್ನಿತ್ತು ವಿದ್ಯೆಗೆ ದಾರಿ ಮಾಡಿದರು. ಸುಗ್ಗಿಯ ಕಣದಲ್ಲಿ ರೈತನು ಮಠದ ಪಾಲೆಂದು ಎತ್ತಿಟ್ಟ ಜೋಳವೇ ಇಂತಹ ನಿಲಯಗಳ ಉಗ್ರಾಣವಾಯಿತು. ಅಲ್ಲಿ ಉಂಡು ಕಲಿತ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಮಠದ ಪಂಕ್ತಿ ಎಲ್ಲ ಊರುಗಳನ್ನೂ ಮುಟ್ಟಲಾರದು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞಾಪಿಸಿತು. ದಿನಕ್ಕೆ ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ ಕನಿಷ್ಠ 200 ದಿನ ಎಂಬುದು ಅದರ ಅಳತೆ. ಅಕ್ಷರ ದಾಸೋಹವು 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, 2003ರಲ್ಲಿ ನಮ್ಮಲ್ಲಿಗೂ ಬಂದಿತು. ಈಗಿನ ಪ್ರಮಾಣವು ಕಿರಿಯ ಮಕ್ಕಳಿಗೆ 450 ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನು, ಹಿರಿಯ ಪ್ರಾಥಮಿಕದವರಿಗೆ 700 ಕ್ಯಾಲರಿ ಮತ್ತು 20 ಗ್ರಾಂ. ಅಂದು ಅಳತೆಯು ‘ಇದಕ್ಕಿಂತ ಹೆಚ್ಚು ಕೊಡಬೇಡಿ’ ಎಂದಿತ್ತು. ಇಂದು ‘ಇದಕ್ಕಿಂತ ಕಡಿಮೆ ಕೊಡಬೇಡಿ’ ಎನ್ನುತ್ತದೆ. ಭಿಕ್ಷೆಯು ಹಕ್ಕಾದ ಕಥೆ ಇಷ್ಟೇ.

ಅಳತೆಯ ಜೊತೆಗೆ ಪರವಾನಗಿಯೂ ಬಂದಿದೆ. 2006ರ ಆಹಾರ ಸುರಕ್ಷತಾ ಕಾಯಿದೆಯು ಲಾಭವಿರಲಿ ಇಲ್ಲದಿರಲಿ, ಅಡುಗೆ ಮಾಡಿ ಬಡಿಸುವ ಸಂಸ್ಥೆಗಳನ್ನು ಒಂದೇ ಕಣ್ಣಿನಿಂದ ನೋಡುತ್ತದೆ. ಇದನ್ನು ಕಿರುಕುಳವೆಂದು ಭಾವಿಸಬಾರದು. 2013ರ ಜುಲೈ 16ರಂದು ಬಿಹಾರದ ಗಂಡಾಮನ್ ಗ್ರಾಮದಲ್ಲಿ ಕೀಟನಾಶಕ ಬೆರೆತ ಶಾಲೆಯ ಊಟವನ್ನುಂಡು 23 ಮಕ್ಕಳು ಅಸುನೀಗಿದರು. ಭಕ್ತಿಯಿಂದ ಬಡಿಸಿದರೂ ವಿಷವು ವಿಷವೇ.

ಆದರೂ ಕಾಗದವು ಊಟದ ರುಚಿಯನ್ನು ನೋಡಲಾರದು. ಬಡಿಸುವ ಮುನ್ನ ಶಿಕ್ಷಕರೂ ಹಿರಿಯರೂ ಉಂಡು ನೋಡಬೇಕೆಂಬ ನಿಯಮವಿದೆ, ನೋಡುವವರು ನಾವಾಗಬೇಕು. ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಹೆಸರು, ಕಡಲೆ ಬೆಳೆಯುತ್ತವೆ. ಪಟ್ಟಿಯಲ್ಲಿ 12 ಗ್ರಾಂ ಎಂದಿರುವುದು ನಮ್ಮ ಹೊಲದಲ್ಲಿ ಕಾಳಾಗಿ ನಿಂತಿದೆ. ಊರವರು ಶಾಲೆಯ ಊಟಕ್ಕೆ ಕೈಗೂಡಿಸಲು ಸರಕಾರವೂ ಅವಕಾಶವನ್ನಿತ್ತಿದೆ. ಮಠಕ್ಕೆ ಜೋಳವನ್ನು ಎತ್ತಿಟ್ಟ ಅದೇ ಕಣದಲ್ಲಿ ಊರ ಶಾಲೆಗೂ ಒಂದು ಚೀಲ ಹೆಸರು ಎತ್ತಿಡಿರಿ. ಕನಿಷ್ಠವನ್ನು ಸರಕಾರ ಕೊಡಲಿ. ಅದರ ಮೇಲಿನದು ನಮ್ಮ ದಾಸೋಹವಾಗಲಿ.