ಬಾವಿಗೆ ನೀರು ಬರುವ ದಾರಿ



ಮುಂಡರಗಿಯಿಂದ ಹೂವಿನಹಡಗಲಿಯ ಕಡೆಗೆ ಹೊರಟರೆ ತುಂಗಭದ್ರೆಯ ದಂಡೆಯ ಮೇಲೆ ಕೊರ್ಲಹಳ್ಳಿ ಸಿಗುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಮರಳಿನಲ್ಲಿ ಗುಂಡಿ ತೋಡಿ, ನೀರು ಒಸರುವ ತನಕ ಕಾದು, ಬಟ್ಟಲಿನಿಂದ ಮೊಗೆದು ಕೊಡ ತುಂಬಿಕೊಳ್ಳುವುದು ಇಂಥ ಹೊಳೆಸಾಲಿನ ಹಳ್ಳಿಗಳ ಹಳೆಯ ರೂಢಿ. ಅದಕ್ಕೆ ಒರತೆ ಎನ್ನುತ್ತಾರೆ. ಪಕ್ಕದಲ್ಲೇ ಹರಿಯುವ ನೀರನ್ನು ಬಿಟ್ಟು ಮರಳನ್ನು ಏಕೆ ತೋಡಬೇಕು? ಹರಿವ ನೀರು ಕದಡಿರುತ್ತದೆ, ಮರಳಿನ ನೀರು ತಿಳಿಯಾಗಿರುತ್ತದೆ ಎಂಬುದು ಅವರು ಕೊಡುವ ಕಾರಣ. ಅದು ಸರಿಯಾದ ಕಾರಣವೇ. ನೀರು ಕೊಡಕ್ಕೆ ಬರುವ ಮುನ್ನ ಯಾವ ದಾರಿಯಲ್ಲಿ ಬಂತು ಎಂಬ ವಿಚಾರ ಅದರಲ್ಲಿ ಅಡಗಿದೆ.

ಹೊಳೆಯನ್ನು ಬಿಟ್ಟು ಒಳನಾಡಿಗೆ ನಡೆದರೆ ಈ ಅನುಕೂಲವಿಲ್ಲ. ಅಲ್ಲಿ ಎರೆಭೂಮಿ, ಅದರ ಕೆಳಗೆ ಗಟ್ಟಿ ಕಲ್ಲು. ಊರಿನವರೆಲ್ಲ ಕುಡಿಯುವುದು ಬಾವಿಯ ನೀರು, ಇಲ್ಲವೇ ಬೋರಿನ ನೀರು. ಆ ನೀರು ಎಷ್ಟು ಸುರಕ್ಷಿತ, ಅದು ಕೆಡುವ ಸಾಧ್ಯತೆ ಎಷ್ಟು ಎಂದು ನಮ್ಮವರು ಕಾಲಕಾಲಕ್ಕೆ ಹೇಗೆ ಅಳೆದರು, ಅಳೆಯುವಾಗ ಎಲ್ಲಿ ಎಡವಿದರು ಎಂಬುದೇ ಈ ಲೇಖನದ ವಿಷಯ.

ಗದುಗಿನ ಹತ್ತಿರದ ಲಕ್ಕುಂಡಿಯನ್ನು ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ನೋಡಿರುತ್ತೀರಿ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳ ಜೊತೆಗೆ ಅಲ್ಲಿನ ಬಾವಿಗಳೂ ಹೆಸರಾದವು. ಮಾಣಿಕೇಶ್ವರ ಗುಡಿಯ ಬಳಿಯ ಮುಸುಕಿನ ಬಾವಿಯಲ್ಲಿ ಮೆಟ್ಟಿಲುಗಳನ್ನು ಇಳಿದು ನೀರಿನ ಅಂಚಿಗೇ ಹೋಗಬಹುದು. ಮಳೆ ಕಡಿಮೆಯಾಗಿ ನೀರು ಕೆಳಗಿಳಿದಂತೆ ಜನರೂ ಒಂದೊಂದು ಮೆಟ್ಟಿಲು ಇಳಿಯುತ್ತಿದ್ದರು. ಬರದ ಸೀಮೆಗೆ ಇದಕ್ಕಿಂತ ಜಾಣತನದ ಕಟ್ಟಡ ಬೇರಿಲ್ಲ. ಆದರೆ ಇಂಥ ಮೆಟ್ಟಿಲ ಬಾವಿಗಳಲ್ಲಿ ಒಂದು ಕುಂದು ಇತ್ತು. ಮನುಷ್ಯನ ಕಾಲು ನೀರನ್ನು ಮುಟ್ಟುತ್ತಿತ್ತು.

ನಾರುಹುಣ್ಣಿನ ಹೆಸರನ್ನು ನಿಮ್ಮ ಅಜ್ಜ, ಅಜ್ಜಿಯರು ಕೇಳಿರಬಹುದು. ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ಅದರೊಳಗಿನಿಂದ ಬಿಳಿ ದಾರದಂಥ ಹುಳು ಹೊರಬರುತ್ತಿತ್ತು. ಅದರ ಉದ್ದ ಎರಡು ಮೂರು ಅಡಿ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಕಡ್ಡಿಗೆ ಸುತ್ತಿ ಎಳೆಯಬೇಕಿತ್ತು. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿನಲ್ಲಿ ಇಳಿಬಿಟ್ಟರೆ ಹುಳು ತನ್ನ ಮರಿಗಳನ್ನು ಅಲ್ಲಿಯೇ ಚೆಲ್ಲುತ್ತಿತ್ತು. ಕಣ್ಣಿಗೆ ಕಾಣುವುದೇ ಕಷ್ಟವಾದ ಸೈಕ್ಲಾಪ್ಸ್ ಎಂಬ ಜಲಕೀಟ ಆ ಮರಿಗಳನ್ನು ನುಂಗುತ್ತದೆ. ಕೀಟವಿರುವ ನೀರನ್ನು ಕುಡಿದವನಿಗೆ ಸುಮಾರು ಒಂದು ವರ್ಷದ ನಂತರ ಹುಣ್ಣು ಏಳುತ್ತದೆ. ಕಾರಣಕ್ಕೂ ರೋಗಕ್ಕೂ ನಡುವೆ ವರ್ಷದ ಅಂತರವಿದ್ದರೆ ಬಾವಿಯ ಮೇಲೆ ಅನುಮಾನ ಬರುವುದು ಹೇಗೆ? ನೀರು ತಿಳಿಯಾಗಿಯೇ ಇತ್ತು, ರುಚಿಯೂ ಚೆನ್ನಾಗಿತ್ತು.

1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ವಿ. ಎನ್. ಮೂರ್ತಿ ಎಂಬ ಸಂಶೋಧಕರು ಈ ರೋಗವನ್ನು ಹಳ್ಳಿಹಳ್ಳಿಯ ಬಾವಿಗಳಲ್ಲಿ ಅಭ್ಯಾಸ ಮಾಡಿದರು. ಡಬ್ಲ್ಯೂ. ಸಿ. ಸ್ವೀಟ್ ಅವರೊಡನೆ ಸೇರಿ, ಸೈಕ್ಲಾಪ್ಸನ್ನು ತಿನ್ನುವ ಸಣ್ಣ ಮೀನುಗಳನ್ನು ಬಾವಿಗೆ ಬಿಡುವ ಉಪಾಯವನ್ನು ಪರೀಕ್ಷಿಸಿ 1936ರಲ್ಲಿ ಪ್ರಕಟಿಸಿದರು. ಮುಂದೆ ಭಾರತ ಸರ್ಕಾರ 1980ರ ದಶಕದ ಆರಂಭದಲ್ಲಿ ಕೈಗೊಂಡ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕರ್ನಾಟಕವೂ ರೋಗಪೀಡಿತ ರಾಜ್ಯಗಳ ಪಟ್ಟಿಯಲ್ಲಿತ್ತು. ಮೆಟ್ಟಿಲುಗಳನ್ನು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಮೆಟ್ಟಿಲ ಬಾವಿಯನ್ನು ಸೇದುವ ಬಾವಿಯನ್ನಾಗಿ ಮಾಡುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂಬ ಪ್ರಚಾರ ಇನ್ನೊಂದು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತ ದೇಶವೆಂದು ಘೋಷಿಸಿತು. ಒಂದು ಲಸಿಕೆಯೂ ಇಲ್ಲದೆ, ನೀರಿನ ದಾರಿಯನ್ನು ತಿದ್ದಿಯೇ ಗೆದ್ದ ಯುದ್ಧ ಇದು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಿಕ್ಕಿರುವ ಜಾಗ ಸಾಲದು.

ತೆರೆದ ಬಾವಿಗೆ ಕೇಡು ಮೇಲಿನಿಂದ ಬರುತ್ತದೆ ಎಂದು ಇದರಿಂದ ಖಚಿತವಾಯಿತು. ಹಾಗಾದರೆ ಮೇಲೆ ಬಾಯಿಯೇ ಇಲ್ಲದ ಬಾವಿ ತೋಡಿದರೆ? 1966-67ರ ಬಿಹಾರದ ಬರಗಾಲದಲ್ಲಿ ಗಾಳಿಯೊತ್ತಡದಿಂದ ಗಟ್ಟಿಕಲ್ಲನ್ನು ಕೊರೆಯುವ ಯಂತ್ರಗಳನ್ನು ಯುನಿಸೆಫ್ ಭಾರತಕ್ಕೆ ತರಿಸಿತು. ಅಲ್ಲಿಂದ ಮುಂದೆ ದೇಶದ ಕಲ್ಲುನಾಡಿನಲ್ಲೆಲ್ಲ ಕೊಳವೆಬಾವಿಗಳು ಬಂದವು. ಅವುಗಳ ಮೇಲೆ ಕೂರಿಸಿದ ಕೈಪಂಪಿಗೆ ಮಾದರಿ ದೊರೆತದ್ದು ನಮ್ಮ ನೆರೆಯ ಸೊಲ್ಲಾಪುರದಲ್ಲಿ. ಸೊಲ್ಲಾಪುರ ಪಂಪನ್ನು ಸುಧಾರಿಸಿ 1970ರ ದಶಕದಲ್ಲಿ ‘ಇಂಡಿಯಾ ಮಾರ್ಕ್-2’ ರೂಪಿಸಿದರು. ಕಟ್ಟೆಯ ಮೇಲೆ ನಿಂತು ಹಿಡಿಕೆ ಒತ್ತಿದರೆ ನೀರು. ಕಾಲು ತಾಗದು, ಹಗ್ಗ ಬೇಡ, ಕಸ ಬೀಳದು. ವಾಂತಿಭೇದಿಗೂ ನಾರುಹುಣ್ಣಿಗೂ ಇದೇ ಮದ್ದು ಎಂದು ಎಲ್ಲರೂ ನಂಬಿದರು. ಆ ನಂಬಿಕೆ ಬಹುಮಟ್ಟಿಗೆ ನಿಜವೂ ಆಗಿತ್ತು.

ಆದರೆ ಮುಂಡರಗಿ ತಾಲ್ಲೂಕಿನ ಒಳಹಳ್ಳಿಗಳಲ್ಲಿ ಮಕ್ಕಳ ಹಲ್ಲುಗಳ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಕಾಣತೊಡಗಿದವು. ಕಾರಣ ಫ್ಲೋರೈಡ್. ಭಾರತದಲ್ಲಿ ಈ ರೋಗವನ್ನು ವೈದ್ಯರು ಮೊದಲು ವಿವರವಾಗಿ ದಾಖಲಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದಲ್ಲಿ. ಎಂದರೆ ಕೊಳವೆಬಾವಿಗಳು ಬರುವುದಕ್ಕೆ ಮೂವತ್ತು ವರ್ಷ ಮೊದಲೇ ಈ ತಿಳಿವಳಿಕೆ ಇತ್ತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು. ಬೇರೆ ನೀರೇ ಸಿಗದ ಕಡೆ 1.5ರ ತನಕ ಸಹಿಸಬಹುದು. ಅದಕ್ಕಿಂತ ಹೆಚ್ಚಾದರೆ, ಹಲ್ಲು ರೂಪುಗೊಳ್ಳುವ ಕಾಲದಲ್ಲಿ, ಸುಮಾರು ಎಂಟು ವರ್ಷದೊಳಗಿನ ಮಕ್ಕಳಲ್ಲಿ, ದಂತಕವಚ ಕೆಡುತ್ತದೆ. ಇನ್ನೂ ಹೆಚ್ಚಾದ ನೀರನ್ನು ಬಹುಕಾಲ ಕುಡಿದರೆ ಕೀಲು, ಬೆನ್ನುಮೂಳೆ ಬಿಗಿಯುತ್ತವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗಿ ನೀರು ಕಡಿಮೆಯಾದಷ್ಟೂ ಅದರ ಪ್ರಮಾಣ ಏರುತ್ತದೆ.

ಈ ಫ್ಲೋರೈಡನ್ನು ಬಾವಿಗೆ ಯಾರೂ ಹಾಕಲಿಲ್ಲ. ಗ್ರಾನೈಟ್ ಮತ್ತು ನೈಸ್ ಶಿಲೆಗಳೊಳಗಿನ ಖನಿಜಗಳಲ್ಲಿ ಅದು ಮೊದಲಿಂದಲೂ ಇದೆ. ಕಲ್ಲಿನ ಬಿರುಕುಗಳಲ್ಲಿ ನೀರು ದೀರ್ಘಕಾಲ ನಿಂತಾಗ ನಿಧಾನವಾಗಿ ಕರಗುತ್ತದೆ. ನೀರು ಕ್ಷಾರೀಯವಾಗಿ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನಷ್ಟು ಕರಗುತ್ತದೆ. ಸೇದುವ ಬಾವಿಯಲ್ಲಿದ್ದದ್ದು ಹೆಚ್ಚಾಗಿ ಈಚಿನ ಮಳೆಯ ನೀರು. ಬೋರು ಮೇಲೆತ್ತಿದ್ದು ಹಳೆಯ ನೀರು. ಮೇಲಿನ ಬಾಗಿಲನ್ನು ಭದ್ರವಾಗಿ ಮುಚ್ಚಿ, ಕೆಳಗಿನ ಬಾಗಿಲನ್ನು ನಾವೇ ತೆರೆದಂತಾಯಿತು.

ಈಗ ವಿಜ್ಞಾನಿಗಳ ಲೆಕ್ಕಕ್ಕೆ ಬರೋಣ. ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ 1854ರಲ್ಲಿ ಕಾಲರಾ ಎದ್ದಾಗ ಡಾ. ಜಾನ್ ಸ್ನೋ ಸಾವುಗಳನ್ನು ಗುರುತಿಸಿ, ಅವು ಒಂದು ಪಂಪಿನ ಸುತ್ತ ನೆರೆದಿರುವುದನ್ನು ತೋರಿಸಿದ ಕಥೆ ನಿಮಗೆ ಗೊತ್ತು. ಅದು ಅನಾಹುತವಾದ ಮೇಲಿನ ತನಿಖೆ. ಅನಾಹುತಕ್ಕೆ ಮೊದಲೇ, ಯಾವ ನೆಲದ ನೀರು ಬೇಗ ಕೆಟ್ಟೀತು ಎಂದು ಹೇಳಬಹುದೇ? ಫ್ರಾನ್ಸಿನ ಮಾರ್ಗಾ 1968ರಲ್ಲಿ ಈ ಗುಣಕ್ಕೆ ಒಂದು ಹೆಸರು ಕೊಟ್ಟರು. ನಾವು ಅದನ್ನು ಕನ್ನಡದಲ್ಲಿ ‘ಭೇದ್ಯತೆ’ ಎನ್ನೋಣ. ಕೋಟೆಯ ಗೋಡೆ ಎಲ್ಲಿ ಸಡಿಲವಾಗಿದೆ ಎಂದು ಶತ್ರು ಬರುವ ಮುನ್ನ ನೋಡಿಕೊಂಡಂತೆ ಇದು.

1987ರಲ್ಲಿ ಅಮೆರಿಕದಲ್ಲಿ ‘ಡ್ರಾಸ್ಟಿಕ್’ ಎಂಬ ಅಂಕಪದ್ಧತಿ ರೂಪುಗೊಂಡಿತು. ಏಳು ಸಂಗತಿಗಳ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರದು. ನೀರಿನ ಮಟ್ಟದ ಆಳಕ್ಕೂ, ನೆಲಕ್ಕೂ ನೀರಿಗೂ ನಡುವಿನ ಪದರಕ್ಕೂ ತಲಾ 5ರ ತೂಕ, ಇಂಗುವ ಮಳೆನೀರಿಗೆ 4, ನೀರು ಹಿಡಿದಿರುವ ಶಿಲೆಗೂ ಅದರಲ್ಲಿ ನೀರು ಸಾಗುವ ವೇಗಕ್ಕೂ 3, ಮಣ್ಣಿಗೆ 2, ಇಳಿಜಾರಿಗೆ 1. ನೀರು 5 ಅಡಿಯೊಳಗೇ ಇದ್ದರೆ ಆಳಕ್ಕೆ 10 ಅಂಕ, 100 ಅಡಿಗಿಂತ ಕೆಳಗಿದ್ದರೆ 1. ಒಟ್ಟು ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ದೂರದರ್ಶನದ ಮಾತಿನಲ್ಲಾದರೆ ಇಲ್ಲಿ ನಕ್ಷೆ ತೋರಿಸಬಹುದು. ನೀವು ಒಂದು ಹಾಳೆಯ ಮೇಲೆ ಹೊಳೆ, ಮರಳು, ಎರೆ, ಕಲ್ಲು ಎಂದು ಅಡ್ಡಸೀಳಿನ ಚಿತ್ರ ಬರೆದುಕೊಳ್ಳಿ.

ಈ ಲೆಕ್ಕವನ್ನು ನಮ್ಮ ಸೀಮೆಗೆ ತಂದರೆ ಎರಡು ಸ್ವಾರಸ್ಯಗಳು ಹೊರಬೀಳುತ್ತವೆ. ಮೊದಲನೆಯದು ಎರೆಮಣ್ಣು. ಜಿಗುಟು ಮಣ್ಣು ನೀರನ್ನು ಬೇಗ ಬಿಡದು, ಆದ್ದರಿಂದ ಅದು ಒಳ್ಳೆಯ ಕಾವಲು ಎಂದು ತೋರುತ್ತದೆ. ಕುಗ್ಗದ ಜೇಡಿಗೆ ಡ್ರಾಸ್ಟಿಕ್ ಕೊಡುವುದು ಕೇವಲ 1 ಅಂಕ. ಆದರೆ ಒಣಗಿದಾಗ ಕುಗ್ಗಿ ಬಿರಿಯುವ ಜೇಡಿಗೆ 7, ಮರಳಿಗೆ 9. ಬೇಸಿಗೆಯಲ್ಲಿ ನಮ್ಮ ಎರೆಹೊಲದಲ್ಲಿ ಕೈ ತೂರುವಷ್ಟು ಅಗಲದ ಬಿರುಕುಗಳನ್ನು ನೀವು ನೋಡಿದ್ದೀರಿ. ಮೊದಲ ಮಳೆ ಬಿದ್ದಾಗ ತಿಪ್ಪೆಯ ನೀರು, ಹೊಲಕ್ಕೆ ಹಾಕಿದ ಗೊಬ್ಬರ ಸೋಸಿಕೊಳ್ಳದೆ ಆ ಬಿರುಕುಗಳಲ್ಲಿ ಇಳಿಯುತ್ತವೆ. ಮಣ್ಣು ನೆನೆದು ಉಬ್ಬಿ ಬಿರುಕು ಮುಚ್ಚುವ ಹೊತ್ತಿಗೆ ಇಳಿಯಬೇಕಾದದ್ದು ಇಳಿದಿರುತ್ತದೆ. ಹೊಸ ಮಳೆಯ ನೀರು ಹೊಟ್ಟೆ ಕೆಡಿಸುತ್ತದೆ ಎಂದು ಹಿರಿಯರು ಹೇಳುವ ಮಾತನ್ನು ಈ ಬೆಳಕಿನಲ್ಲಿ ನೋಡಿ.

ಎರಡನೆಯದು ಇದಕ್ಕಿಂತ ಮುಖ್ಯ. ಡ್ರಾಸ್ಟಿಕ್ ಲೆಕ್ಕದಲ್ಲಿ ನೀರಿನ ಮಟ್ಟ ಬಹು ಆಳದಲ್ಲಿರುವ ಜಾಗಕ್ಕೆ ಬಹಳ ಕಡಿಮೆ ಅಂಕ ಬೀಳುತ್ತದೆ, ಅಂದರೆ ಅದು ಸುರಕ್ಷಿತವೆಂದಾಗುತ್ತದೆ. ಏಕೆಂದರೆ ಆ ಪದ್ಧತಿ ಎಣಿಸುವುದು ಮೇಲಿನಿಂದ ಇಳಿಯುವ ಕೊಳೆಯನ್ನು ಮಾತ್ರ. ಕಲ್ಲಿನಿಂದಲೇ ಕರಗಿ ಬರುವ ಫ್ಲೋರೈಡ್ ಅದರ ಲೆಕ್ಕಕ್ಕೆ ಸೇರಿಲ್ಲ. ಇದು ಪದ್ಧತಿಯ ತಪ್ಪಲ್ಲ. ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಕೊರ್ಲಹಳ್ಳಿಯಂಥ ಹೊಳೆದಂಡೆಯ ಮರಳಿನಲ್ಲಿ ನೀರು ಕೆಲವೇ ಅಡಿ ಕೆಳಗಿದೆ, ನೆಲ ಸಮತಟ್ಟು. ಅಲ್ಲಿ ಮೇಲಿನ ಕೊಳೆಯ ಭಯ ಹೆಚ್ಚು. ದಪ್ಪ ಮರಳು ಸೋಸುತ್ತದೆ ನಿಜ, ಆದರೆ ಮರಳನ್ನು ಲಾರಿಗಳಿಗೆ ತುಂಬಿದಷ್ಟೂ ಆ ಸೋಸುವ ಪದರ ತೆಳ್ಳಗಾಗುತ್ತದೆ. ಒಳನಾಡಿನ ಆಳವಾದ ಬೋರಿನಲ್ಲಿ ಕೆಳಗಿನ ಕಲ್ಲಿನ ಭಯ. ಒಂದೇ ತಾಲ್ಲೂಕಿನಲ್ಲಿ ಎರಡು ಬಗೆಯ ಭೇದ್ಯತೆ, ಎರಡು ಬಗೆಯ ಪರೀಕ್ಷೆ ಬೇಕು.

ನೆಲದ ನಕ್ಷೆ ಭೂವಿಜ್ಞಾನಿಗಳ ಕೆಲಸ. ಬಾವಿಕಟ್ಟೆಯ ತಪಾಸಣೆಯನ್ನು ನೀವೂ ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಹೌದು, ಅಲ್ಲ ಎಂದು ಉತ್ತರಿಸುವ ಪ್ರಶ್ನೆಪಟ್ಟಿಗಳನ್ನು ಸಿದ್ಧಪಡಿಸಿದೆ. 10 ಮೀಟರಿನೊಳಗೆ ಪಾಯಖಾನೆ ಇದೆಯೇ? ಅದು ಬಾವಿಗಿಂತ ಎತ್ತರದ ನೆಲದಲ್ಲಿದೆಯೇ? ತಿಪ್ಪೆ, ದನದ ಕೊಟ್ಟಿಗೆ ಹತ್ತಿರವಿದೆಯೇ? ಚೆಲ್ಲಿದ ನೀರು ಕಟ್ಟೆಯ ಬಳಿಯೇ ನಿಲ್ಲುತ್ತದೆಯೇ? ಕಟ್ಟೆ ಬಿರುಕು ಬಿಟ್ಟಿದೆಯೇ? ಬಾವಿಯ ಒಳಗೋಡೆ ಮೇಲಿನ 3 ಮೀಟರಿನಷ್ಟಾದರೂ ಗಾರೆಯಿಂದ ಮುಚ್ಚಿಲ್ಲವೇ? ಹಗ್ಗ, ಬಕೆಟ್ಟು ನೆಲದ ಮೇಲೆ ಬಿದ್ದಿರುತ್ತವೆಯೇ? ‘ಹೌದು’ಗಳನ್ನು ಎಣಿಸಿ. ಆದರೆ ಎಲ್ಲ ‘ಹೌದು’ಗಳೂ ಸಮ ಎಂದು ತಿಳಿಯಬೇಡಿ. ಮೇಲ್ಗಡೆಯ ಪಾಯಖಾನೆಯೊಂದು ನೆಲಕ್ಕೆ ಬಿದ್ದ ಬಕೆಟ್ಟಿಗಿಂತ ದೊಡ್ಡ ವಿಷಯ.

ಮಲದ ರೋಗಾಣುಗಳ ಸುಳಿವು ಹಿಡಿಯಲು ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ಮಾಂಜಾ, ಮೌರ್ಯ ಮತ್ತು ರಾವ್ 1982ರಲ್ಲಿ ಒಂದು ಸರಳ ಪರೀಕ್ಷೆ ಪ್ರಕಟಿಸಿದರು. ಔಷಧಿ ಸವರಿದ ಕಾಗದವಿರುವ ಸಣ್ಣ ಸೀಸೆಯಲ್ಲಿ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಡಬೇಕು. ಒಂದೆರಡು ದಿನದಲ್ಲಿ ಕಪ್ಪಾದರೆ ನೀರಿನ ಮೇಲೆ ಅನುಮಾನಪಡಬೇಕು. ಭಾರತದಲ್ಲಿ ಹುಟ್ಟಿ ಹಲವು ದೇಶಗಳಿಗೆ ಹೋದ ವಿಧಾನವಿದು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದು ಗೊತ್ತುಮಾಡಿತು. ನಿಮ್ಮೂರಿನ ಐವರು ಯಾರೆಂದು ವಿಚಾರಿಸಿ. ಆದರೆ ಸೀಸೆ ಹೇಳುವುದು ನೀರು ತುಂಬಿದ ಆ ದಿನದ ಸುದ್ದಿ. ಮೇ ತಿಂಗಳಿನಲ್ಲಿ ತಿಳಿಯಾಗಿದ್ದ ಸೀಸೆ ಜೂನಿನ ಮೊದಲ ಮಳೆಗೆ ಕಪ್ಪಾಗಬಹುದು. ಕಟ್ಟೆಯ ತಪಾಸಣೆ ಆ ಮುಂದಿನ ಸುದ್ದಿಯನ್ನು ಹೇಳುತ್ತದೆ. ಒಂದರ ಬದಲು ಇನ್ನೊಂದು ಸಾಲದು.

ಇದು ಹಳೆಯ ಕಾಲದ ಮಾತೆಂದು ತಿಳಿಯಬೇಡಿ. ಕೊರ್ಲಹಳ್ಳಿಯ ಸೇತುವೆ ದಾಟಿದರೆ ಸಿಗುವ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ 2021ರಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿಭೇದಿಯಿಂದ ಹಾಸಿಗೆ ಹಿಡಿದರು, ಹಲವರು ಪ್ರಾಣ ಕಳೆದುಕೊಂಡರು. ಕಾನೂನು ಇಲ್ಲವೆಂದಲ್ಲ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಮತ್ತೊಂದು ಬಾವಿ ತೋಡಬಾರದೆಂದು ಕರ್ನಾಟಕ 1999ರಲ್ಲೇ ಶಾಸನ ಮಾಡಿತು. ಅದು ಮುಖ್ಯವಾಗಿ ನೀರು ಬತ್ತದಂತೆ ಕಾಯುವ ಶಾಸನ. ನೀರು ಕೆಡದಂತೆ ಅಷ್ಟೇ ನಿಷ್ಠುರವಾಗಿ ಕಾಯುವ ಕೆಲಸ ಹಿಂದೆ ಬಿದ್ದಿದೆ ಎಂಬುದು ನನ್ನ ಅಭಿಪ್ರಾಯ.

ಇಂದು ಗದಗ-ಬೆಟಗೇರಿಗೆ ಕುಡಿಯುವ ನೀರು ಹಮ್ಮಿಗಿಯ ಬಳಿ ತುಂಗಭದ್ರೆಯಿಂದ ಹೋಗುತ್ತದೆ. ಅನೇಕ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆ. ಹೊಳೆಯ ನೀರೂ ಘಟಕದ ನೀರೂ ಬಂದ ಮೇಲೆ ಸೇದುವ ಬಾವಿಯ ಕಡೆ ಯಾರೂ ಹೋಗುವುದಿಲ್ಲ. ಗಡಗಡಿ ಕಳಚಿದೆ, ಕಟ್ಟೆ ಕುಸಿದಿದೆ, ಊರಿನ ಕಸವೆಲ್ಲ ಅದರೊಳಗೆ ಬೀಳುತ್ತಿದೆ. ಕುಡಿಯದ ಬಾವಿ ತಾನೇ, ಏನಾಯಿತು ಎಂದು ನೀವು ಕೇಳಬಹುದು. ನಿಮ್ಮ ಹಾಳೆಯ ಅಡ್ಡಸೀಳಿನ ಚಿತ್ರದಲ್ಲಿ ಆ ಬಾವಿಯನ್ನೂ ಬರೆಯಿರಿ. ಅದರ ತಳ ಎರೆಮಣ್ಣನ್ನು ದಾಟಿ ಬಿರುಕುಗಲ್ಲಿನ ತನಕ ಇಳಿದಿದೆ. ಘಟಕಕ್ಕೆ ನೀರು ಕೊಡುವ ಬೋರನ್ನೂ ಅದರ ಪಕ್ಕದಲ್ಲಿ ಬರೆಯಿರಿ. ಆಮೇಲೆ ಕಲ್ಲಿನ ಬಿರುಕುಗಳ ಗೆರೆಗಳನ್ನು ಎಳೆದು, ಒಂದರಿಂದ ಇನ್ನೊಂದಕ್ಕೆ ನೀರು ಹೋಗಲು ದಾರಿ ಇದೆಯೇ ನೋಡಿ.