ಊದ್ ಹೊಗೆ, ನಾನ್‌ಸ್ಟಿಕ್ ತವಾ ಮತ್ತು ಪಂಜರದ ಹಕ್ಕಿ

ಸುಬಹಿಗೆ ಎದ್ದಾಗ ಚಿಲಿಪಿಲಿ ಎನ್ನುತ್ತಿದ್ದ ಲವ್ ಬರ್ಡ್ಸ್ ಜೋಡಿ ಹತ್ತು ಗಂಟೆ ಹೊತ್ತಿಗೆ ಪಂಜರದ ತಳದಲ್ಲಿ ಬಿದ್ದಿರುತ್ತದೆ. ಮೈಮೇಲೆ ಗಾಯ ಇಲ್ಲ, ಬೆಕ್ಕು ಬಂದ ಗುರುತಿಲ್ಲ, ಇಟ್ಟ ಕಾಳು, ನೀರು ಹಾಗೆಯೇ ಉಂಟು. ‘ಕಣ್ಣು ಬಿದ್ದಿರಬೇಕು’ ಎನ್ನುವವರು ಒಬ್ಬರು, ‘ಅಂಗಡಿಯವನು ರೋಗದ ಹಕ್ಕಿ ಕೊಟ್ಟಿದ್ದಾನೆ’ ಎನ್ನುವವರು ಇನ್ನೊಬ್ಬರು. ಶಾಲೆಯಿಂದ ಬಂದ ಮಗು ಪಂಜರದ ಎದುರು ಕೂತು ಅಳುತ್ತದೆ. ಬೆಳಿಗ್ಗೆ ಖಾಲಿ ನಾನ್‌ಸ್ಟಿಕ್ ತವಾ ಗ್ಯಾಸಿನ ಮೇಲೆ ಎಷ್ಟು ಹೊತ್ತು ಕಾದಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆಯ ಮನೆಗಳಲ್ಲಿ ಪಂಜರ ಇರುವುದು ಸಾಮಾನ್ಯವಾಗಿ ಎರಡು ಜಾಗದಲ್ಲಿ. ಒಂದು ಮುಂದಿನ ಸಿಟೌಟ್, ಇನ್ನೊಂದು ಹಿಂದಿನ ವರ್ಕ್ ಏರಿಯಾ. ಎರಡನೆಯದೇ ಅಪಾಯದ ಜಾಗ. ಸೌದೆ ಒಲೆ, ಮೀನು ಹುರಿಯುವ ಕಾವಲಿ, ಮಳೆಗಾಲದಲ್ಲಿ ಹಸಿ ತೆಂಗಿನ ಸಿಪ್ಪೆಯ ಹೊಗೆ ಎಲ್ಲವೂ ಅಲ್ಲೇ.

ಹಕ್ಕಿಯ ಉಸಿರಾಟ ನಮ್ಮ ಹಾಗಲ್ಲ. ಮನುಷ್ಯನ ಶ್ವಾಸಕೋಶಕ್ಕೆ ಗಾಳಿ ಹೋಗಿ ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಹಕ್ಕಿಯ ದೇಹದಲ್ಲಿ ಶ್ವಾಸಕೋಶದ ಜೊತೆ ಗಾಳಿಚೀಲಗಳಿವೆ, ಹೆಚ್ಚಿನ ಜಾತಿಗಳಲ್ಲಿ ಒಂಬತ್ತು. ಅವುಗಳ ದೆಸೆಯಿಂದ ಶ್ವಾಸಕೋಶದೊಳಗೆ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ, ಉಸಿರು ಒಳಗೆ ಎಳೆದಾಗಲೂ ಹೊರಗೆ ಬಿಟ್ಟಾಗಲೂ ಹೊಸ ಗಾಳಿ ಸಿಗುತ್ತಿರುತ್ತದೆ. ಗಾಳಿಗೂ ರಕ್ತಕ್ಕೂ ನಡುವಿನ ಪರದೆ ಬಹಳ ತೆಳು. ಹಾರಲು ಬೇಕಾದ ಆಮ್ಲಜನಕ ಸಿಗುವುದು ಈ ವ್ಯವಸ್ಥೆಯಿಂದ, ವಿಷ ಬೇಗ ಒಳಗೆ ಹೋಗುವುದೂ ಇದರಿಂದಲೇ. ಬಜರಿಗರ್ ಹಕ್ಕಿಯ ತೂಕ 30-40 ಗ್ರಾಂ ಅಷ್ಟೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಪತ್ತೆಗೆ ಕ್ಯಾನರಿ ಹಕ್ಕಿ ಇಟ್ಟುಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಆ ಪದ್ಧತಿ 1986ರವರೆಗೂ ಇತ್ತು.

ಇನ್ನು ತವಾದ ವಿಷಯ. ನಾನ್‌ಸ್ಟಿಕ್ ಪಾತ್ರೆಯ ಲೇಪನ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್, ಟೆಫ್ಲಾನ್ ಎಂಬ ಹೆಸರಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಇದನ್ನು ಕಂಡುಹಿಡಿದರು. ಸಾಧಾರಣ ಅಡುಗೆಯಲ್ಲಿ ತೊಂದರೆ ಇಲ್ಲ. ಸಾರು ಕುದಿಯುವಾಗ ಶಾಖ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಎಣ್ಣೆಯಲ್ಲಿ ಕರಿಯುವಾಗ 180ರ ಹತ್ತಿರ. ಆದರೆ ಸುಮಾರು 260 ಡಿಗ್ರಿ ದಾಟಿದರೆ ಲೇಪನ ಹಾಳಾಗಲು ಶುರುವಾಗುತ್ತದೆ, 280ರ ಹತ್ತಿರ ಹೊರಡುವ ಅನಿಲ ಹಕ್ಕಿಯ ಪ್ರಾಣಕ್ಕೇ ಸಾಕು. ದೊಡ್ಡ ಉರಿಯಲ್ಲಿ ಖಾಲಿ ತವಾ ಇಟ್ಟು ಫೋನಿನಲ್ಲಿ ಮಾತಾಡಿ ಬರುವಷ್ಟರಲ್ಲಿ, ಅಂದರೆ ಕೆಲವೇ ನಿಮಿಷಗಳಲ್ಲಿ, ಅದು ಈ ಶಾಖ ಮುಟ್ಟುತ್ತದೆ. ಆ ಅನಿಲ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಅಡುಗೆ ಮಾಡುವವರಿಗೆ ಏನೂ ಆಗಿರುವುದಿಲ್ಲ, ಹೆಚ್ಚೆಂದರೆ ಸ್ವಲ್ಪ ಹೊತ್ತು ಕಳೆದು ಚಳಿಜ್ವರದ ಹಾಗೆ ಅನಿಸಬಹುದು. ಹಕ್ಕಿಯ ಶ್ವಾಸಕೋಶದಲ್ಲಿ ಮಾತ್ರ ರಕ್ತಸ್ರಾವ ಆಗಿರುತ್ತದೆ. ಪಕ್ಕದ ಕೋಣೆಯಲ್ಲಿದ್ದರೂ ಬದುಕುವ ಖಾತ್ರಿ ಇಲ್ಲ.

ಡಬ್ಬಿಯ ಮೇಲೆ ‘ಪಿಎಫ್‌ಒಎ ಇಲ್ಲ’ ಎಂದು ಬರೆದದ್ದನ್ನು ನೋಡಿ ಕೆಲವರು ಧೈರ್ಯ ಮಾಡುತ್ತಾರೆ. ಅದು ಲೇಪನ ತಯಾರಿಸುವಾಗ ಬಳಸುತ್ತಿದ್ದ ಬೇರೊಂದು ರಾಸಾಯನಿಕ. ಅದಿಲ್ಲ ಎಂದರೆ ಪಿಟಿಎಫ್‌ಇ ಇಲ್ಲ ಎಂದಲ್ಲ. ಏರ್ ಫ್ರೈಯರ್, ಸ್ಯಾಂಡ್‌ವಿಚ್ ಮೇಕರ್, ಕೆಲವು ಇಸ್ತ್ರಿ ಪೆಟ್ಟಿಗೆಗಳ ತಳದಲ್ಲೂ ಇದೇ ಲೇಪನ ಇರುತ್ತದೆ. ಹಕ್ಕಿ ಇರುವ ಮನೆಗೆ ಪತ್ತಿರಿ, ನೀರುದೋಸೆ ಮಾಡಲು ಉಮ್ಮಂದಿರ ಹಳೆಯ ಕಬ್ಬಿಣದ ಕಾವಲಿಯೇ ಒಳ್ಳೆಯದು. ಮೂಲೆಗೆ ಸೇರಿದ್ದರೆ ತುಕ್ಕು ಉಜ್ಜಿ, ಎಣ್ಣೆ ಸವರಿ ಮತ್ತೆ ಪಳಗಿಸಿಕೊಳ್ಳಬಹುದು. ಆದರೆ ಎಣ್ಣೆಯೇ ಸುಟ್ಟು ಹೊಗೆಯೆದ್ದರೆ ಯಾವ ಪಾತ್ರೆಯಾದರೂ ಅಪಾಯ ತಪ್ಪಿದ್ದಲ್ಲ.

ಊದ್, ಬಖೂರ್ ಬಗ್ಗೆ ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಅದು ಇರಲೇಬೇಕು. ಶುಕ್ರವಾರ, ಪೆರ್ನಾಳ್, ಮದುವೆ ಎಂದರೆ ಮನೆಯಿಡೀ ಪರಿಮಳ. ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಕೆಂಡದ ಮೇಲೆ ಹಾಕಿದ ಬಖೂರಿನಿಂದ ಸೂಕ್ಷ್ಮ ಹೊಗೆಕಣಗಳು ಬರುತ್ತವೆ, ಇದ್ದಲಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ವಿದ್ಯುತ್ ಬರ್ನರ್ ಆದರೆ ಇದ್ದಲಿನ ಅನಿಲ ಇಲ್ಲ, ಹೊಗೆ ಇದ್ದೇ ಇದೆ. ಕುಂತಿರಿಕ್ಕಂ, ಅಗರಬತ್ತಿ ಕೂಡ ಇದೇ ಸಾಲಿಗೆ. ಹೊಗೆ ಹಾಕುವ ಮೊದಲು ಪಂಜರವನ್ನು ಹೊರಗೆ ಒಯ್ಯಿರಿ, ಕಿಟಕಿ ತೆರೆದಿಟ್ಟು ವಾಸನೆ ಪೂರ್ತಿ ಹೋದ ಮೇಲೆಯೇ ತನ್ನಿ.

ಅತ್ತರ್ ಕೈಗೆ ಸವರುವಂಥದ್ದು, ಸ್ಪ್ರೇ ಸೆಂಟಿನ ಹಾಗೆ ಗಾಳಿಯಲ್ಲಿ ಹನಿಯಾಗಿ ತೇಲುವುದಿಲ್ಲ. ಆದರೂ ಅತ್ತರ್ ಹಚ್ಚಿದ ಕೈಯಲ್ಲಿ ಹಕ್ಕಿಯನ್ನು ಮುಟ್ಟಬಾರದು. ರೆಕ್ಕೆಗೆ ಅಂಟಿದ ಎಣ್ಣೆಯನ್ನು ಅದು ಕೊಕ್ಕಿನಿಂದ ನೇವರಿಸಿಕೊಂಡು ನುಂಗುತ್ತದೆ. ಬಾಡಿ ಸ್ಪ್ರೇ, ರೂಮ್ ಫ್ರೆಶ್ನರ್, ನುಸಿಗುಳಿಗೆ, ಥಿನ್ನರ್ ಯಾವುದೂ ಪಂಜರದ ಹತ್ತಿರ ಬೇಡ. ಸೊಳ್ಳೆಬತ್ತಿಯಂತೂ ಬೇಡವೇ ಬೇಡ. ಒಂದು ಬತ್ತಿ ಉರಿದು ಮುಗಿಯುವಾಗ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದೆ. ಅದೇ ಕೋಣೆಯಲ್ಲಿ ತೊಟ್ಟಿಲ ಮಗು, ಅಸ್ತಮಾ ಇರುವ ಅಜ್ಜಿ ಕೂಡ ಮಲಗುತ್ತಾರೆ ಎಂಬುದನ್ನು ನೆನಪಿಡಬೇಕು. ಪಂಜರಕ್ಕೆ ರಾತ್ರಿ ಸೊಳ್ಳೆಪರದೆ ಹೊದಿಸಿದರೆ ಆಯಿತು, ಖರ್ಚೂ ಕಡಿಮೆ. ಹಬ್ಬದ ಮುಂಚೆ ಬಾತ್‌ರೂಮ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಬಳಸುವವರಿದ್ದಾರೆ. ಅದರಿಂದ ಏಳುವುದು ಕ್ಲೋರಿನ್, ಹಕ್ಕಿಗೆ ಮಾತ್ರವಲ್ಲ, ತೊಳೆಯುವವರಿಗೂ ಅಪಾಯ.

ಗಾಳಿಯಲ್ಲಿ ಬಂದ ವಿಷ ಏನು ಮಾಡುತ್ತದೆ ಎಂದು ಕಾಸರಗೋಡಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಎಣ್ಮಕಜೆಯ ಪಡ್ರೆ ಮತ್ತು ಸುತ್ತಲಿನ ಊರುಗಳ ಗೇರು ತೋಟಗಳ ಮೇಲೆ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಜೇನುನೊಣ, ಕಪ್ಪೆ, ಮೀನು, ಹಕ್ಕಿ ಕಡಿಮೆಯಾದದ್ದನ್ನು ಊರವರು ಗಮನಿಸಿದ್ದರು. ಆದರೆ ದೇಶದಲ್ಲಿ ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರ ಮೇ ತಿಂಗಳಲ್ಲಿ. ಈಗಲೂ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಮದ್ದು ಬಿಡುವ ದಿನ ಸಿಟೌಟ್‌ನಲ್ಲಿರುವ ಪಂಜರವನ್ನು ಒಳಗೆ ತಂದಿಡುವುದು ಒಳ್ಳೆಯದು. ಅದು ಎಂಡೋಸಲ್ಫಾನ್ ಅಲ್ಲ, ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ. ಆದರೆ ಕಾಳಿಗೆ, ನೀರಿಗೆ ಬೀಳಬಾರದು.

ವಿಷಗಾಳಿ ತಾಗಿದ ಹಕ್ಕಿ ಕೊಕ್ಕು ತೆರೆದು ಉಸಿರಾಡುತ್ತದೆ, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುತ್ತದೆ, ಕೋಲು ಬಿಟ್ಟು ತಳಕ್ಕೆ ಇಳಿಯುತ್ತದೆ. ಮೊದಲು ಅದನ್ನು ಬಯಲಿಗೆ ಒಯ್ಯಬೇಕು, ಒಲೆ ಆರಿಸುವುದು ಆಮೇಲೆ ಅಥವಾ ಇನ್ನೊಬ್ಬರ ಕೆಲಸ. ಬಾಯಿಗೆ ನೀರು, ಜೇನು ಹಾಕಬೇಡಿ, ಶ್ವಾಸನಾಳಕ್ಕೆ ಹೋದರೆ ಅದೇ ಕೊಲ್ಲುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗೆ, ಗಲಾಟೆ ಇಲ್ಲದೆ ಇಟ್ಟು ಮೃಗಾಸ್ಪತ್ರೆಗೆ ಒಯ್ಯಿರಿ, ಮನೆಯಲ್ಲಿ ಏನು ಸುಟ್ಟಿತ್ತು ಎಂದು ಡಾಕ್ಟರಿಗೆ ಮೊದಲೇ ಹೇಳಿ. ಹೋಗುವ ಮುಂಚೆ ಫೋನ್ ಮಾಡಿ ಆಮ್ಲಜನಕ ಕೊಡುವ ವ್ಯವಸ್ಥೆ ಉಂಟಾ ಎಂದು ಕೇಳುವುದು ಜಾಣತನ. ಹಸು, ಆಡು ನೋಡುವ ಎಲ್ಲ ಕಡೆ ಇಷ್ಟು ಸಣ್ಣ ಹಕ್ಕಿಗೆ ಬೇಕಾದ ಸಲಕರಣೆ ಇರುವುದಿಲ್ಲ.

ಸತ್ತೇ ಹೋದರೆ ಕೂಡಲೇ ಹೂಳಬೇಡಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಐಸಿನಲ್ಲಿಟ್ಟು ಒಯ್ದರೆ ಮರಣೋತ್ತರ ಪರೀಕ್ಷೆಯಲ್ಲಿ ಕಾರಣ ತಿಳಿಯಬಹುದು. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದರೆ ಪರೀಕ್ಷೆಗೆ ಕಷ್ಟ. ಒಂದೇ ಗಂಟೆಯೊಳಗೆ ಎಲ್ಲ ಹಕ್ಕಿಗಳೂ ಬಿದ್ದಿದ್ದರೆ ಹೊಗೆಯ ಮೇಲೆ ಸಂಶಯ ಹೆಚ್ಚು. ದಿನಕ್ಕೊಂದರಂತೆ ಸತ್ತರೆ ಸಾಮಾನ್ಯವಾಗಿ ರೋಗ, ಆಗ ಕೈಗವಸು ಇಲ್ಲದೆ ಮುಟ್ಟಬಾರದು, ಸರಕಾರಿ ಮೃಗಾಸ್ಪತ್ರೆಗೆ ತಿಳಿಸಬೇಕು.

ಇಲ್ಲಿ ಹೇಳಿದ್ದು ಬಜರಿಗರ್, ಕಾಕ್ಟೈಲ್, ಆಫ್ರಿಕನ್ ಲವ್ ಬರ್ಡ್, ಫಿಂಚ್ ಮುಂತಾದ ಹೊರದೇಶದ ಹಕ್ಕಿಗಳ ಬಗ್ಗೆ. ತೆಂಗಿನ ಪೊಟರೆಯಿಂದ ಇಳಿಸಿ ತಂದ ಊರಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹೊಗೆ ಇರಲಿ, ಇಲ್ಲದಿರಲಿ.